ತುಂಗಾಳ ಜಾಗ

ಜನವರಿ 4, ಬೆಳಿಗ್ಗೆ

ಮತ್ತೆ ಸ್ಟೇಜಿನ ನಕ್ಷೆ ಬಿಡಿಸುವ ಅದೇ ಸಾಫ್ಟ್‌ವೇರ್. ಡ್ರಮ್ಸ್ ಹಿಂದಕ್ಕೆ ಎಳೆದರೆ ಕೀಬೋರ್ಡ್ ತಾನಾಗಿ ಪಕ್ಕಕ್ಕೆ ಜಾರುತ್ತದೆ. ಸ್ಪೀಕರ್ ತಿರುಗಿಸಲು ಹೋದರೆ ಇಡೀ ಸ್ಟೇಜೇ ತಿರುಗುತ್ತದೆ. ಕೊಪ್ಪದ ಕಾರ್ಯಕ್ರಮಕ್ಕೆ ಯಾರು ಎಲ್ಲಿ, ಯಾವ ಮೈಕ್ ಎಲ್ಲಿ ಎಂಬ ನಕ್ಷೆ ಇವತ್ತೇ ಕಳಿಸಬೇಕಂತೆ. ಬ್ಯಾಂಡಿನಲ್ಲಿ ಈ ಕೆಲಸ ನನ್ನದೇ. ಕೀಬೋರ್ಡ್ ನುಡಿಸುವವನಿಗೆ ಎಲ್ಲ ಕೀಬೋರ್ಡೂ ಬರುತ್ತದೆ ಎಂದುಕೊಂಡಿದ್ದಾರೆ.

ತುಂಗಾ ಹಾಡುತ್ತಾಳೆ. ಬೈಕ್ ಅಪಘಾತದಲ್ಲಿ ಕಾಲು ಹೋದ ಮೇಲೆ ಇದೇ ಮೊದಲು. ಈ ದರಿದ್ರ ಸಾಫ್ಟ್‌ವೇರಿನಲ್ಲಿ ವೀಲ್‌ಚೇರಿನ ಚಿತ್ರವೇ ಇಲ್ಲ. ಹಾರ್ಪ್ ಇದೆ. ಕೊಪ್ಪದಲ್ಲಿ ಹಾರ್ಪ್ ಯಾರು ನುಡಿಸುತ್ತಾರೆ? ಕೊನೆಗೆ ಒಂದು ಚೌಕ ಎಳೆದು ಅವಳ ಹೆಸರು ಬರೆದೆ. ಸ್ಟೇಜಿನ ಬದಿಗೆ, ವೀಲ್‌ಚೇರ್ ಹತ್ತಲು, ಇನ್ನೊಂದು ಉದ್ದ ಚೌಕ — 'ರ‍್ಯಾಂಪ್ ಬೇಕು'.

ಜನವರಿ 7

ಸಂಘಟಕ ತ್ರ್ಯಂಬಕಣ್ಣನಿಗೆ ಫೋನ್. ನಕ್ಷೆ ಸಿಕ್ಕಿತಂತೆ. ರ‍್ಯಾಂಪ್ ಮಾಡಿಸುತ್ತಾರಂತೆ, ನಾನು ತಲೆ ಕೆಡಿಸಿಕೊಳ್ಳಬಾರದಂತೆ. ಆಗಲೇ ಕೆಟ್ಟಿದೆ.

ಜನವರಿ 11

ನಿನ್ನೆ ಕೊಪ್ಪದ ಕಾರ್ಯಕ್ರಮ ಮುಗಿಸಿ ಬಂದ ಮೇಲೆ ಬರೆಯುವ ಮನಸ್ಸಿರಲಿಲ್ಲ.

ರ‍್ಯಾಂಪ್ ಎಂದರೆ ಫ್ಯಾಷನ್ ಶೋದ್ದು ಎಂದುಕೊಂಡರಂತೆ ತ್ರ್ಯಂಬಕಣ್ಣ. ಮೆಟ್ಟಿಲ ಮುಂದೆ ಉದ್ದಕ್ಕೆ ಕೆಂಪು ಕಾರ್ಪೆಟ್! ನಾನು, ಗಿಟಾರಿನ ಕುಮಾರ, ಪೆಂಡಾಲಿನವರು ಸೇರಿ ತುಂಗಾಳನ್ನು ಕುರ್ಚಿ ಸಮೇತ ಎತ್ತಿದೆವು. ಜನ ಚಪ್ಪಾಳೆ ತಟ್ಟಿದರು. ಯಾರೋ ವಿಡಿಯೋ ಮಾಡಿದರು. ಅವಳು ಕಣ್ಣು ಮುಚ್ಚಿಕೊಂಡಿದ್ದಳು. ಆಮೇಲೆ ಹಾಡಿದಳು, ಚೆನ್ನಾಗಿಯೇ.

ವಾಪಸ್ ಬರುವಾಗ ಜೀಪಿನಲ್ಲಿ ತುಂಗಾ ಆಡಿದ್ದು ಒಂದೇ ಮಾತು. "ಹಾಡೋಕೆ ಮುಂಚೆ ತಟ್ಟಿದಷ್ಟು ಹಾಡಿದ ಮೇಲೆ ತಟ್ಟಲಿಲ್ಲ. ನೋಡಿದ್ಯಾ ಯಜ್ಞೇಶ?"

ಮೆಣಸೆಯಲ್ಲಿ ಅವಳನ್ನು ಮನೆಗೆ ಬಿಟ್ಟು ಬಂದೆವು.

ಜನವರಿ 29

ತುಂಗಾ ಫೋನ್ ಎತ್ತುವುದಿಲ್ಲ. ಮೆಸೇಜ್ ನೋಡುತ್ತಾಳೆ, ಅಷ್ಟೆ. ನರಸಿಂಹರಾಜಪುರದ ಕಾರ್ಯಕ್ರಮ ಹತ್ತಿರ ಬಂತು. ಬಾಳೆಹೊನ್ನೂರಿನಿಂದ ಬೇರೆ ಯಾರನ್ನಾದರೂ ಹಾಡಲು ಕರೆಸೋಣ ಎಂದ ಕುಮಾರ. ಜಗಳವಾಯಿತು. ಲ್ಯಾಪ್‌ಟಾಪ್ ತೆರೆದರೆ ಸಾಫ್ಟ್‌ವೇರ್ ಅಪ್‌ಡೇಟ್ ಆಗಿ ಹಳೆಯ ನಕ್ಷೆಗಳೆಲ್ಲ ಮಾಯ. ಸಾಕಾಗಿದೆ.

ಫೆಬ್ರವರಿ 1

ಮೆಣಸೆಗೆ ಹೋದೆ. ತುಂಗಾಳ ಅಮ್ಮ ಕಾಫಿ ಕೊಟ್ಟು ಒಳಗೆ ಹೋದರು. ಹೊಸ ನಕ್ಷೆ ತೋರಿಸಿದೆ. ರ‍್ಯಾಂಪಿನ ಅಗಲ, ಇಳಿಜಾರು, ಎಲ್ಲ. ಈ ಸಲ ನಾನೇ ನಿಂತು ಹಲಗೆ ಹಾಕಿಸುತ್ತೇನೆ ಎಂದೆ.

ತುಂಗಾ ಲ್ಯಾಪ್‌ಟಾಪ್ ತೊಡೆಗೆ ಎಳೆದುಕೊಂಡಳು. ಡ್ರಮ್ಸ್ ಎಳೆದು ಸ್ಟೇಜಿನ ಹೊರಗೆ ಬಿಟ್ಟಳು. ಆಮೇಲೆ ಗಿಟಾರ್. ಆಮೇಲೆ ನನ್ನ ಕೀಬೋರ್ಡ್. ಒಂದೊಂದಕ್ಕೂ ಕೆಂಪು ಅಕ್ಷರದಲ್ಲಿ ಎಚ್ಚರಿಕೆ ಬರುತ್ತಿತ್ತು. ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

"ಎಂತ ಮಾಡ್ತಿದೀಯ ಮಾರಾಯ್ತಿ?"

"ನನ್ನ ಹತ್ತಿಸೋದು ಬೇಡ. ನೀವೆಲ್ಲ ಇಳೀರಿ."

ಫೆಬ್ರವರಿ 8, ಸಂಜೆ, ನರಸಿಂಹರಾಜಪುರ

ಬೆಳಿಗ್ಗೆಯಿಂದ ಬರೀ ವಾದ. ಸ್ಟೇಜ್ ಮತ್ತೆ ಎಂತಕ್ಕೆ ಕಟ್ಟಿಸಿದ್ದು ಎಂದು ಇಲ್ಲಿನ ಸಂಘಟಕರು. ಭಾಷಣಕ್ಕೆ ಎಂದೆ. ಮುಖ ಊದಿಸಿಕೊಂಡರು. ನೆಲದಲ್ಲಿ ಕೂತು ನುಡಿಸುವುದು ಮರ್ಯಾದೆ ಅಲ್ಲ ಎಂದು ಗೊಣಗಿದ ಕುಮಾರನೇ ಕೊನೆಗೆ ಡ್ರಮ್ಸ್ ಇಳಿಸಲು ಕೈ ಹಾಕಿದ.

ಭಾಷಣ ಮುಗಿಯಿತು. ಹಿಂದಿನವರಿಗೆ ನಾವು ಕಾಣುವುದಿಲ್ಲ. ಗಲಾಟೆ. ಕುರ್ಚಿ ಎತ್ತಿಕೊಂಡು ಬಂದು ಸುತ್ತ ಕೂರುತ್ತಿದ್ದಾರೆ, ವೈರ್ ತುಳಿಯುತ್ತ. ನನ್ನ ಮೊಣಕೈಗೆ ತಾಗಿ ಒಬ್ಬ ಅಜ್ಜಿ. ನಕ್ಷೆ ಪೂರ್ತಿ ಹಾಳು. ತುಂಗಾ ಗಾಲಿಗೆ ಬ್ರೇಕ್ ಹಾಕಿ ಪಕ್ಕದವರ ಹತ್ತಿರ ಏನೋ ಹೇಳಿ ನಗುತ್ತಿದ್ದಾಳೆ. ಈಗ ನನ್ನ ಕಡೆ ತಿರುಗಿದಳು. ಶ್ರುತಿ ಕೊಡು, ಆ ಡೈರಿ ಮುಚ್ಚು ಎಂದು ಕೈ—