ಮಲ್ಲಿಗೆಗೆ ಕಳಿಸಿದ ಕರಿ ಪುಡಿ

ಗಾಜುವಾಕ, ವಿಶಾಖಪಟ್ಟಣ
12-2-2008

ಅತ್ತೆಗೆ ಭರತೇಶನ ನಮಸ್ಕಾರ.

ಇಲ್ಲಿ ನಮ್ಮ ಘಟಕದಲ್ಲಿ ಊರ ಚರಂಡಿಯ ಕೆಸರನ್ನು ಒಣಗಿಸಿ, ಗಾಳಿಯಾಡದ ಕುಲುಮೆಯಲ್ಲಿ ಕಾಯಿಸುತ್ತೇವೆ. ಅದರಿಂದ ಹೊರಟ ಗ್ಯಾಸೇ ನೀಲಿಯಾಗಿ ಉರಿದು ಮುಂದಿನ ಕೆಸರನ್ನು ಒಣಗಿಸುವುದನ್ನು ನೀವು ನೋಡಬೇಕು! ಕೊನೆಗೆ ಉಳಿಯುವುದು ವಾಸನೆಯಿಲ್ಲದ ಕರಿ ಪುಡಿ. “ಗಿಡಕ್ಕೆ ಬಂಗಾರಂ ಅಂಡಿ” ಎಂದು ಮೇಸ್ತ್ರಿ ರಾಮಚಂದ್ರಗಾರು ಕೊಟ್ಟದ್ದನ್ನೇ ನಿಮ್ಮ ಮಲ್ಲಿಗೆಗೆಂದು ಪಾರ್ಸೆಲ್ ಮಾಡಿದ್ದೆ. ಚೀಟಿ ಇಡಲು ಮರೆತೆ.

“ನೀನು ಕಳಿಸಿದ ಹಲ್ಲುಪುಡಿ ಭಾಳ ಚೆನ್ನಾಗಿದೆ ಕಣೋ, ಪಕ್ಕದ ಮನೆ ಜಲಜಮ್ಮನಿಗೂ ಕೊಟ್ಟೆ” ಎಂಬ ನಿಮ್ಮ ಕಾಗದ ಈಗ ಬಂತು. ಉಜ್ಜುವುದನ್ನು ಇವತ್ತೇ ನಿಲ್ಲಿಸಿ. ಗಾಬರಿ ಬೇಡ, ಐನೂರು ಡಿಗ್ರಿಯಲ್ಲಿ ಯಾವ ಕ್ರಿಮಿಯೂ ಬದುಕದು. ನಾನು ಆರೋಗ್ಯವಾಗಿದ್ದೇನೆ, ನಿಮ್ಮ ಹಲ್ಲು ಹೇಗಿದೆ ಬರೆಯಿರಿ. ಜಲಜಮ್ಮನಿಂದ ಪುಡಿ ವಾಪಸ್ ತನ್ನಿ, ಈ ಕಾರ್ಡು ಮಾತ್ರ ತೋರಿಸಬೇಡಿ. ಪೋಸ್ಟ್‌ಮ್ಯಾನ್ ಹೇಗೂ ಓದಿರುತ್ತಾನೆ. ಅವನಿಗೂ ಕೊಟ್ಟಿಲ್ಲ ತಾನೆ?

ನಿಮ್ಮ ಭರತೇಶ