ಅವರ ಮಾತು, ನನ್ನ ತಮಿಳು

ಜೂನ್ 3, ಮಂಗಳವಾರ. ಬೆಳಗ್ಗೆ

ಇವತ್ತೂ ಹಲ್ಲುಸೆಟ್ ಫ್ರಿಜ್ಜಿನಲ್ಲಿ. ಮೊಸರಿನ ಡಬ್ಬಿ ಪಕ್ಕ. ತೊಳೆದು ಇವರಿಗೆ ಹಾಕಿದೆ. ಶರ್ಟಿನ ಗುಂಡಿ ಹಾಕಿದೆ. ಅವರು ಬಿಚ್ಚಿದರು. ಮತ್ತೆ ಹಾಕಿದೆ. ಗಂಡನಿಗೆ ತಿಂಡಿ ತಿನ್ನಿಸುವಷ್ಟರಲ್ಲಿ ನನ್ನ ಕಾಫಿ ಆರಿತು.

ಗುರುವಾರ ಟೆಸ್ಟ್. ಈ ವೃದ್ಧರ ಕ್ಯಾಂಪಸ್ಸಿನಲ್ಲಿ ಮೂರು ತಿಂಗಳಿಗೊಮ್ಮೆ ನೆನಪು ಪರೀಕ್ಷೆ ಮಾಡುತ್ತಾರೆ. ಎ ಬ್ಲಾಕ್ ತಾವೇ ನಡೆದಾಡುವವರಿಗೆ. ಬಿ, ಕೈ ಹಿಡಿಯಬೇಕಾದವರಿಗೆ — ಅಂದರೆ ನಮಗೆ. ಸಿ ಬ್ಲಾಕಿಗೆ ಹೊರಗಿನಿಂದ ಚಿಲಕ. ಟೆಸ್ಟಿನಲ್ಲಿ ಫೇಲಾಗಿ ಇವರು ಅಲ್ಲಿಗೆ ಹೋದರೆ ನಾನು ಸಂಜೆ ನಾಲ್ಕರಿಂದ ಆರರವರೆಗೆ ಹೋಗಿ ನೋಡಿಕೊಂಡು ಬರಬೇಕು. ಮಕ್ಕಳಿಲ್ಲದ ಮನೆಯಲ್ಲಿ ಇಷ್ಟು ವರ್ಷ ಇಬ್ಬರೇ ಇದ್ದವರು ನಾವು. ನನ್ನಿಂದ ಆಗದ ಮಾತು.

ಜೂನ್ 5, ಗುರುವಾರ

ಟೆಸ್ಟ್ ಮುಗಿಯಿತು. ಚಂದ್ರಲೇಖಾ ಅಂತ ಹೊಸ ಸಿಸ್ಟರ್, ತಿರುನೆಲ್ವೇಲಿ ಕಡೆಯವಳು. ಕನ್ನಡ ಒಂದಕ್ಷರ ಬರುವುದಿಲ್ಲ. ಇವರಿಗೋ ಈಗ ತಮಿಳು ಇಲ್ಲ. ಸರ್ವಿಸ್ ಪೂರ್ತಿ ಇಲ್ಲೇ, ತಮಿಳುನಾಡಿನ ತಾಲ್ಲೂಕು ಕಚೇರಿಯಲ್ಲಿ ತಮಿಳಿನಲ್ಲೇ ಫೈಲ್ ಬರೆದ ಸುಬ್ಬರಾಮಯ್ಯ! ಮೊದಲು ಹೋಗಿದ್ದೇ ತಮಿಳು. ಉಳಿದಿರುವುದು ಮನೆಮಾತು ಕನ್ನಡ ಮಾತ್ರ. ಹಾಗಾಗಿ ನಡುವೆ ನಾನು ಕೂತು ಹೇಳಬೇಕು. ಸಿಸ್ಟರೇ ಕೇಳಿಕೊಂಡಳು, ನಾನಾಗಿ ಹೋಗಲಿಲ್ಲ.

ಇವತ್ತು ಯಾವ ವಾರ ಅಂತ ಕೇಳಿದಳು. "ಸಂತೆ ದಿನ" ಅಂದರು ಇವರು. "ವಿಯಾಳಕ್ಕಿಳಮೈ", ಗುರುವಾರ, ಅಂದೆ ನಾನು.

ಎಲ್ಲಿದ್ದೀರಿ? "ಜವಳಗಿರಿ ಕ್ಯಾಂಪು. ಆನೆ ಬಂದ್ಬುಟ್ಟವೆ, ಜೀಪ್ ರಿವರ್ಸ್ ತಗೊಳ್ಳಕ್ಕೇಳು." ಸರ್ವಿಸ್ಸಿನಲ್ಲಿದ್ದಾಗಿನ ಕಾಡು ಕ್ಯಾಂಪು ಅದು. ಕೆಲಮಂಗಲ ರಸ್ತೆ, ಬಿ ಬ್ಲಾಕ್, ಅಂತ ತಮಿಳಿನಲ್ಲಿ ಹೇಳಿದೆ. ಇಷ್ಟುದ್ದ ಹೇಳಿದರಲ್ಲ ಅಂದಳು. ಅವರು ಮೊದಲಿಂದಲೂ ಎಳೆದು ಮಾತಾಡುವವರು ಅಂದೆ.

ಪಾಸ್. ನಾಚಿಕೆಯೇನೂ ಆಗಲಿಲ್ಲ. ಟೀಚರಾಗಿದ್ದಾಗ ಕಾಪಿ ಹೊಡೆದ ಎಷ್ಟು ಮಕ್ಕಳನ್ನು ಹೊರಗೆ ನಿಲ್ಲಿಸಿದ್ದೆನೋ.

ಜುಲೈ 20, ಭಾನುವಾರ

ಬರೆಯಲು ಕೂತರೆ ಪೆನ್ನು ಹಿಡಿದೇ ತೂಕಡಿಸುತ್ತೇನೆ. ಇವರು ಯಾವ ಹೊತ್ತಿಗೆ ಏಳುತ್ತಾರೋ ಗೊತ್ತಿಲ್ಲ, ಅದಕ್ಕೆ ಸೆರಗಿನ ತುದಿಯನ್ನು ಅವರ ಮಣಿಕಟ್ಟಿಗೆ ಕಟ್ಟಿ ಮಲಗುತ್ತೇನೆ. ಎಳೆದರೆ ಏಳುತ್ತೇನೆ. ಎಳೆಯದಿದ್ದರೆ, ಯಾಕೆ ಎಳೆಯಲಿಲ್ಲ ಅಂತ ಏಳುತ್ತೇನೆ.

ಡೈನಿಂಗ್ ಹಾಲಿನಲ್ಲಿ ಇವತ್ತು ಸಾರನ್ನ ಕಲಸಿಕೊಂಡು ಹಾಗೇ ಕಣ್ಣು ಮುಚ್ಚಿಬಿಟ್ಟೆ. ಪಕ್ಕದ ಟೇಬಲ್ಲಿನ ದಾಸಪ್ಪ ನಕ್ಕರು. ನಗಲಿ. ಅವರ ಹೆಂಡತಿ ಇನ್ನೂ ಬೀಗದ ಕೈ ಎಲ್ಲಿದೆ ಅಂತ ಸರಿಯಾಗಿ ಹೇಳುತ್ತಾರೆ.

ಆಗಸ್ಟ್ 14, ಗುರುವಾರ

ಬಟ್ಟೆ ಒಗೆಯಲು ಬಾತ್‌ರೂಮಿನ ಸ್ಟೂಲ್ ಮೇಲೆ ಕೂತವಳು ನಿದ್ದೆ ಹೋಗಿದ್ದೆ. ಎದ್ದು ನೋಡಿದರೆ ಬಾಗಿಲು ತೆರೆದಿದೆ, ಇವರಿಲ್ಲ. ಮೇನ್ ರೋಡಿಗೆ ಹೋಗಿ ಬರುವ ಲಾರಿಗಳಿಗೆಲ್ಲ ಕೈ ಅಡ್ಡ ಹಿಡಿಯುತ್ತಿದ್ದರಂತೆ. ಆಫೀಸ್ ಜೀಪು ಬರಲಿಲ್ಲ ಅಂತ. ನೆಲ ಒರೆಸುವ ಮುನಿರತ್ನಮ್ಮ ನೋಡಿ ಎಳೆದುಕೊಂಡು ಬಂದಳು.

ಇವರನ್ನು ಕೂರಿಸಿದ ಮೇಲೆ ನನ್ನ ಹತ್ತಿರ ಬಂದಳು. "ನಂಗೆ ಕನ್ನಡ ಬರಕಿಲ್ಲ ಅನ್ಕೊಂಡಿದ್ರಾ ಟೀಚರಮ್ಮ? ಅವತ್ತು ನೆಲ ಒರಸ್ತಾ ಇಲ್ಲೇ ಇದ್ನಲ್ಲ. ಸಾರು ಆನೆ ಅಂದ್ರು, ನೀವು ಬ್ಲಾಕು ಅಂದ್ರಿ. ನಂಗ್ಯಾಕೆ ಅಂತ ಸುಮ್ಕಿದ್ದೆ."

ನಾನು ಇವರ ಕಾಲಿನ ಧೂಳು ಒರೆಸತೊಡಗಿದೆ.

"ಇವತ್ತು ಲಾರಿಗೆ ಸಿಕ್ಬುಟ್ಟಿದ್ರೆ? ನನ್ ಕೆಲ್ಸಾನೂ ಹೋಗದು. ನಿಮ್ ಮೊಕ ಕನ್ನಡೀಲಿ ನೋಡ್ಕೊಂಡ್ರಾ?"

ಅವಳು ಹೋದ ಮೇಲೆ ನೋಡಿಕೊಂಡೆ. ಅವಳ ಮೇಲೆ ಸಿಟ್ಟು ಬಂತು, ಅದೂ ಹೆಚ್ಚು ಹೊತ್ತು ನಿಲ್ಲಲಿಲ್ಲ. ಸಿಟ್ಟಿಗೂ ತ್ರಾಣ ಬೇಕು.

ಸೆಪ್ಟೆಂಬರ್ 3, ಬುಧವಾರ

ನಾಳೆ ಮತ್ತೆ ಟೆಸ್ಟ್. ಸುಳ್ಳೇ ಹೇಳುತ್ತೇನೆ. ಇನ್ನೊಂದು ಸಲ. ಇವರನ್ನು ಬಿಟ್ಟು ಈ ರೂಮಿನಲ್ಲಿ ಒಬ್ಬಳೇ ಇರಲು ನನಗೆ ಭಯ.

ಸೆಪ್ಟೆಂಬರ್ 4, ಗುರುವಾರ. ಮಧ್ಯಾಹ್ನ

ವಾರ ಕೇಳಿದಳು, ಸುಳ್ಳು ಹೇಳಿದೆ. ಊರು ಕೇಳಿದಳು, ಸುಳ್ಳು ಹೇಳಿದೆ. ಮುನಿರತ್ನಮ್ಮ ಕಿಟಕಿ ಒರೆಸುತ್ತಿದ್ದಳು, ತಿರುಗಲಿಲ್ಲ. ಮುಗಿಯಿತು ಅಂದುಕೊಂಡೆ. ಸಿಸ್ಟರ್ ನನ್ನ ಕಡೆ ಕೈ ತೋರಿಸಿ, ಇವರು ಯಾರು ಅಂದಳು.

ಇವರು ನನ್ನನ್ನು ನೋಡಿದರು. ಬಹಳ ಹೊತ್ತು. ಆಮೇಲೆ ಸಿಸ್ಟರ್ ಕಡೆ ಬಗ್ಗಿ, ನನಗೆ ಕೇಳಿಸಬಾರದು ಅನ್ನುವಂತೆ ಮೆಲ್ಲಗೆ — "ಯಾರೋ ಹೆಂಗಸು. ಒಳ್ಳೇವ್ರು. ಹಗಲೂರಾತ್ರಿ ಇಲ್ಲೇ ದುಡೀತಾವ್ರೆ, ನಿದ್ದೆ ಇಲ್ಲ, ಊಟ ಇಲ್ಲ. ಸತ್ತೋಗ್ತಾರೆ ಪಾಪ. ಯಾರಿಗಾದ್ರೂ ಹೇಳಿ ಬಿಡಿಸ್ಕೊಡಮ್ಮ ಅವ್ರನ್ನ."

"ಎನ್ನ ಸೊನ್ನಾರು ಅಮ್ಮಾ?" ಏನಂದರು ಅಂತ ಕೇಳಿದಳು ಸಿಸ್ಟರ್.

"ಮನೈವಿ" ಅಂದಿದ್ದರೆ ಸಾಕಿತ್ತು. ಹೆಂಡತಿ ಅಂತ. ಬಾಯಿಗೆ ಬಂದಿತ್ತು. ಆದರೆ ಇಷ್ಟು ತಿಂಗಳಲ್ಲಿ ನನಗೋಸ್ಕರ ಒಬ್ಬರು ಏನಾದರೂ ಕೇಳಿದ್ದು ಅದೊಂದೇ, ಕೇಳಿದವರು ಇವರೇ. ಅದನ್ನು ಬದಲಾಯಿಸಲು ಮನಸ್ಸು ಬರಲಿಲ್ಲ. ಇದ್ದದ್ದನ್ನು ಇದ್ದಹಾಗೆ ತಮಿಳಿನಲ್ಲಿ ಹೇಳಿದೆ. ಅರ್ಧಕ್ಕೆ ಅಳು ಬಂತು. ಅತ್ತುಕೊಂಡೇ ಪೂರ್ತಿ ಹೇಳಿದೆ. ವಾರ, ಊರು, ಅವನ್ನೂ ಸರಿಪಡಿಸಿದೆ.

ಸೆಪ್ಟೆಂಬರ್ 6, ಶನಿವಾರ. ಸಂಜೆ

ಬೆಳಗ್ಗೆ ಸಿ ಬ್ಲಾಕಿಗೆ ಕರೆದುಕೊಂಡು ಹೋದರು. ಜೀಪ್ ಅಂದುಕೊಂಡು ವೀಲ್‌ಚೇರ್ ಹತ್ತಿದರು, ಖುಷಿಯಾಗಿಯೇ.

ಮಧ್ಯಾಹ್ನ ಊಟ ಮಾಡಿ ಐದು ನಿಮಿಷ ಅಂತ ಒರಗಿದೆ. ಎದ್ದಾಗ ಆರೂವರೆ. ಮೊದಲನೇ ದಿನವೇ ವಿಸಿಟಿಂಗ್ ಟೈಮ್ ಮುಗಿದುಹೋಗಿತ್ತು. ಮೈ ಹಗುರಾಗಿತ್ತು. ಥೂ, ಹಿತವಾಗಿತ್ತು.

ಸಿಸ್ಟರ್‌ಗೆ ಫೋನ್ ಮಾಡಿದೆ. ಬೆಳಗ್ಗೆಯಿಂದ ಇವರು ಒಂದೇ ಮಾತು ಕೇಳುತ್ತಿದ್ದಾರೆ, ಯಾರಿಗೂ ಅರ್ಥವಾಗುತ್ತಿಲ್ಲ ಅಂದಳು. ಫೋನ್ ಅವರ ಕಿವಿಗೆ ಹಿಡಿ ಅಂದೆ.

"ಆ ಹೆಂಗಸು ಮಲಗಿದ್ರಾ?"

ಮಲಗಿದ್ರು ಅಂದೆ.

"ಸದ್ಯ. ಎಬ್ಬಿಸ್ಬೇಡಿ" ಅಂದರು.

ಇಲ್ಲ, ಎಬ್ಬಿಸಲ್ಲ ಅಂದೆ. ಇನ್ನೂ ಫೋನ್ ಹಿಡಿದೇ ಇದ್ದರು, ಉಸಿರು ಕೇಳುತ್ತಿತ್ತು. ನಾನೂ ಇಡಲಿಲ್ಲ.