ಗಾಜಿನ ತೊಟ್ಟಿಯ ಮೀನು

ಜೂನ್ ೧೭, ಮಂಗಳವಾರ

ಆ ಮೀನು ತಲೆಯಿಂದ ಹೋಗುತ್ತಿಲ್ಲ. ಕೊಳಚೆ ನೀರು ಶುದ್ಧ ಮಾಡುವ ಘಟಕದ ಗೇಟಿನಲ್ಲಿ ಗಾಜಿನ ತೊಟ್ಟಿ ಇಟ್ಟಿದ್ದಾರೆ, ಶುದ್ಧವಾದ ನೀರಿನಲ್ಲಿ ಮೀನು ಬದುಕುತ್ತದೆ ಎಂದು ತೋರಿಸಲಿಕ್ಕೆ. ಮೊನ್ನೆ ನೋಡಿದ ಮೀನಿನ ಬಾಲ ಹರಿದಿತ್ತು. ಇವತ್ತಿನದರ ಬಾಲ ಎಲ್ಲೂ ಹರಿದಿಲ್ಲ.

ಪಂಪ್ ನೋಡಿಕೊಳ್ಳುವ ಕಿಟ್ಟನನ್ನು ಕೇಳಿದೆ. "ಇದು ಬೇರೆ ಮೀನಲ್ವಾ?"

"ಅದೇ ಮೀನು ವಾರಿಜಕ್ಕ. ನಿಮಗೆ ಎಂತ ಸಂಶಯ ಮಾರಾಯ್ರೆ!" ಹೇಳುವಾಗ ತೊಟ್ಟಿಯ ಕಡೆ ನೋಡಲೇ ಇಲ್ಲ.

ಕಾಪು ಪೇಟೆಯಲ್ಲಿ ಮೂವತ್ತು ವರ್ಷ ಮೀನು ಮಾರಿದವಳಿಗೆ ಹೇಳುವ ಮಾತೇ ಇದು? ನಾಳೆಯಿಂದ ಆ ನೀರನ್ನು ನನ್ನ ಬಾವಿಯ ಪಕ್ಕದ ತೋಡಿಗೆ ಬಿಡುತ್ತಾರಂತೆ.

ದೋಣಿಗಳು ಕಡಲಿಗಿಳಿಯದ ಈ ತಿಂಗಳಲ್ಲಿ ಊರಿನ ಬೆಕ್ಕುಗಳೆಲ್ಲ ಬಡಕಲಾಗಿವೆ. ಘಟಕದ ಬೆಕ್ಕಿನ ಹೊಟ್ಟೆ ಮಾತ್ರ ನೆಲಕ್ಕೆ ತಾಗುತ್ತಿದೆ.